ಕೋರಂಗೆ ಒಬ್ಬರು ಕಡಿಮೆ

ಸಭಾಗೃಹದ ಗಂಟೆ ಮೂರನೇ ಸಲ ಬಾರಿಸಿದಾಗ ನಾನು ಪ್ರೇಕ್ಷಕರ ಗ್ಯಾಲರಿಯ ಮುಂದಿನ ಬೆಂಚಿನಲ್ಲಿ ಕೂತು ತಲೆ ಎಣಿಸುತ್ತಿದ್ದೆ. ಹನ್ನೆರಡು. ಹದಿಮೂರು. ಕೊನೆಗೆ ಒಬ್ಬ ಸದಸ್ಯೆ ಏದುಸಿರು ಬಿಡುತ್ತ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಹದಿನಾಲ್ಕು. ಸಭೆ ನಡೆಯಬೇಕಾದರೆ ಹದಿನೈದು ಜನ ಬೇಕು. ಸಭಾ ಕಾರ್ಯದರ್ಶಿ ಗೋಡೆ ಗಡಿಯಾರ ನೋಡಿದರು, ಇನ್ನೊಮ್ಮೆ ಎಣಿಸಿದರು, ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಮೂರೂವರೆಗೆ ಸರಿಯಾಗಿ ಅಧ್ಯಕ್ಷರು ಎದ್ದು, ಕೋರಂ ಇಲ್ಲದ ಕಾರಣ ಸಭೆ ರದ್ದಾಗಿದೆ ಎಂದು ಮರಾಠಿಯಲ್ಲಿ ಒಂದೇ ವಾಕ್ಯ ಓದಿ ಹೊರಟುಹೋದರು. ಹೀಗೆ ರದ್ದಾದ ಸಭೆಗಳಲ್ಲಿ ಅದು ಸತತ ನಾಲ್ಕನೆಯದು. ಆಗಲೇ ಮೇ ತಿಂಗಳ ಮೂರನೇ ವಾರ.

ಊರಿನ ಹೆಸರು ಬೇಡ. ಬೊರಿವಲಿ ದಾಟಿದ ಮೇಲೆ ಬರುವ, ಸಮುದ್ರ ಒಳಚಾಚಿದ ಖಾಡಿಯ ಉಪ್ಪುನೀರಿಗೆ ಬೆನ್ನು ತಾಗಿಸಿಕೊಂಡು ಬೆಳೆದ ಊರು ಎಂದರೆ ಸಾಕು. ಅಲ್ಲಿನ ನಗರ ಪರಿಷತ್ತಿನ ವಿರೋಧ ಪಕ್ಷದ ನಾಯಕರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಗೋರೆಗಾಂವ್‌ನಿಂದ ದಿನಾ ಲೋಕಲ್ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಜನರ ಅರ್ಜಿ ಓದುವುದು, ಉತ್ತರ ಬರೆಯುವುದು, ನಾಯಕರ ಭಾಷಣಕ್ಕೆ ಬೇಕಾದ ದಾಖಲೆ ಜೋಡಿಸುವುದು. ನಾಯಕರು ನಮ್ಮ ಕರಾವಳಿಯವರೇ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಬೆಳೆದು, ಅದೇ ಹೋಟೆಲಿನ ಯಜಮಾನರಾಗಿ, ಆಮೇಲೆ ರಾಜಕೀಯಕ್ಕೆ ಬಂದವರು. ಎಲ್ಲರಿಗೂ ಅವರು ಅಣ್ಣ.

ಪರಿಷತ್ತಿನಲ್ಲಿ ನಲವತ್ತೈದು ಸದಸ್ಯರು. ಆಡಳಿತ ಪಕ್ಷದವರೇ ಮೂವತ್ತನಾಲ್ಕು ಜನ, ಉಳಿದ ಹನ್ನೊಂದು ನಾವು. ಇಷ್ಟು ದೊಡ್ಡ ಬಹುಮತ ಆ ಊರಿನಲ್ಲಿ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ. ಆದರೆ ಒಂದು ವರ್ಷದೊಳಗೆ ಅದು ಎರಡು ಹೋಳಾಯಿತು. ಪರಿಷತ್ತಿನ ಅಧ್ಯಕ್ಷರು ತಮ್ಮ ಬಳಿಯೇ ಇದ್ದ ಕಾಮಗಾರಿ ಸಮಿತಿಯ ಅಧ್ಯಕ್ಷತೆಯನ್ನು ವರ್ಷದ ನಂತರ ಪಕ್ಷದ ಇನ್ನೊಂದು ಗುಂಪಿಗೆ ಬಿಟ್ಟುಕೊಡುವ ಮಾತಾಗಿತ್ತಂತೆ, ಬಿಟ್ಟುಕೊಡಲಿಲ್ಲ. ಸಿಟ್ಟಾದ ಇಪ್ಪತ್ತು ಜನ ಸಭೆಗೇ ಬರುವುದನ್ನು ನಿಲ್ಲಿಸಿದರು. ಅಧ್ಯಕ್ಷರ ಜತೆ ಉಳಿದವರು, ಅವರನ್ನೂ ಸೇರಿಸಿ, ಹದಿನಾಲ್ಕು. ಎಲ್ಲರೂ ತಪ್ಪದೆ ಬಂದರೂ ಕೋರಂಗೆ ಒಬ್ಬರು ಕಡಿಮೆ.

ನಾಲ್ಕೂ ಸಭೆಗಳ ವಿಷಯಪಟ್ಟಿಯಲ್ಲಿ ಏಳನೆಯದಾಗಿ ಒಂದು ಪ್ರಸ್ತಾವ ಇತ್ತು: ಮಳೆಗಾಲಕ್ಕೆ ತಗ್ಗು ಪ್ರದೇಶಗಳಲ್ಲಿ ನೀರೆತ್ತುವ ಆರು ಪಂಪುಗಳನ್ನು ಬಾಡಿಗೆಗೆ ಪಡೆಯುವುದು. ಪ್ರತಿವರ್ಷ ಮಾರ್ಚಿನಲ್ಲೇ ಮಂಜೂರಾಗುತ್ತಿದ್ದ ಕೆಲಸ. ಪರಿಷತ್ತು ಹೂಂ ಎನ್ನದೆ ಮುಖ್ಯಾಧಿಕಾರಿ ಸಹಿ ಹಾಕುವಂತಿಲ್ಲ. ಅವರಿಗೆ ತುರ್ತು ಅಧಿಕಾರ ಇತ್ತು, ಆದರೆ ಅದು ನೀರು ನುಗ್ಗಿದ ಮೇಲೆ. ಭರತದ ಹೊತ್ತಿಗೆ, ಎಂದರೆ ಸಮುದ್ರ ಉಬ್ಬಿದಾಗ, ಜೋರು ಮಳೆ ಬಂದರೆ ಖಾಡಿ ಪಕ್ಕದ ವಸ್ತಿಯ ಬಡವರ ಮನೆಗಳ ನೀರು ಹೊರಗೆ ಹೋಗುವುದಿಲ್ಲ, ಬದಲಿಗೆ ಖಾಡಿಯ ನೀರೇ ಚರಂಡಿ ಹಿಡಿದು ಒಳಗೆ ಬರುತ್ತದೆ. ಪಂಪಿಲ್ಲದಿದ್ದರೆ ಅಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ನಾಲ್ಕನೇ ಸಭೆ ರದ್ದಾದ ದಿನ ಅಣ್ಣ ನನ್ನನ್ನು ಕರೆದು ಹೇಳಿದರು. "ಇನ್ನು ಸುಮ್ಮನೆ ಕೂತರೆ ಆಗುವುದಿಲ್ಲ. ಒಂದು ಆರೋಪಪಟ್ಟಿ ತಯಾರು ಮಾಡು. ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ. ಯಾವ ತಾರೀಕು, ಯಾವ ಸಭೆ, ಯಾವ ಕೆಲಸ ನಿಂತಿತು, ಎಲ್ಲ ದಾಖಲೆ ಸಮೇತ."

ನನಗೆ ಉತ್ಸಾಹವೇ ಬಂತು. ಸುಳ್ಳು ಹೇಳುವುದಿಲ್ಲ. ಆ ಮೂವತ್ತನಾಲ್ಕು ಜನರ ಮೇಲೆ ನನಗಿದ್ದ ಸಿಟ್ಟು ಪಕ್ಷದ ಸಿಟ್ಟು ಮಾತ್ರ ಆಗಿರಲಿಲ್ಲ, ಜನರ ಅರ್ಜಿಗಳನ್ನು ದಿನಾ ಓದುತ್ತಿದ್ದವಳ ಸಿಟ್ಟೂ ಆಗಿತ್ತು. ಕಾರ್ಯದರ್ಶಿಯ ಕಚೇರಿಯಿಂದ ನಡಾವಳಿಯ ಪ್ರತಿಗಳನ್ನು ತರಿಸಿಕೊಂಡು ಒಂದೊಂದೇ ಸಾಲು ಗುರುತು ಹಾಕಿದೆ. ಹೆರಿಗೆ ಆಸ್ಪತ್ರೆಯ ಲಿಫ್ಟ್ ದುರಸ್ತಿ, ಶಾಲೆಯ ಸೋರುವ ಚಾವಣಿ, ಪಂಪು. ಕನ್ನಡದ ಪ್ರತಿಯಲ್ಲಿ ನಾನು ಬರೆದ ಮೊದಲ ವಾಕ್ಯ ಇನ್ನೂ ನೆನಪಿದೆ: "ಮೂವತ್ತನಾಲ್ಕು ಜನರನ್ನು ಆರಿಸಿ ಕಳುಹಿಸಿದ ಊರಿಗೆ, ಹದಿನೈದು ಜನ ಒಂದು ಕಡೆ ಕೂತು ಒಂದು ಪಂಪಿಗೆ ಹೂಂ ಎನ್ನುವಷ್ಟು ಆಡಳಿತವೂ ಸಿಗಲಿಲ್ಲ." ಅಣ್ಣ ಅದನ್ನು ಎರಡು ಸಲ ಓದಿ ತಲೆದೂಗಿದರು.

ಮರುದಿನ ಪಕ್ಷದ ಜಿಲ್ಲಾ ಮುಖ್ಯಸ್ಥರು ಕರಡು ನೋಡಲು ಬಂದರು. ಅವರು ಹಿಂದಿಯಲ್ಲಿ ಮಾತಾಡುವವರು. ಪುಟ ತಿರುಗಿಸಿ, ಚೆನ್ನಾಗಿದೆ ಎಂದರು. ಆಮೇಲೆ ನಾಲ್ಕನೇ ಪುಟದ ಮೇಲೆ ಬೆರಳಿಟ್ಟು, ಇಲ್ಲಿ ಅರ್ಧ ಪುಟ ಖಾಲಿ ಬಿಡಿ ಎಂದರು.

"ಯಾಕೆ?" ಎಂದು ಕೇಳಿದೆ.

"ಫೋಟೋ ಲಗೇಗಾ. ಪೆಹಲೇ ಪಾನೀ ಆನೇ ದೋ." ಮೊದಲು ನೀರು ಬರಲಿ, ಆಮೇಲೆ ಫೋಟೋ ಹಾಕಿ ಬಿಡುಗಡೆ ಮಾಡೋಣ. ಇಷ್ಟನ್ನು ಅವರು ಯಾವ ಸಂಕೋಚವೂ ಇಲ್ಲದೆ, ಛಾಪಖಾನೆಯ ವಿಷಯ ಮಾತಾಡುವಂತೆ ಹೇಳಿದರು. ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಅರ್ಧ ಪುಟ ಖಾಲಿ ಬಿಟ್ಟೆ.

ಆ ಪುಟವನ್ನು ತಿದ್ದಲೆಂದು ಮನೆಗೆ ತಂದಿದ್ದೆ. ಕಾಲೇಜಿಗೆ ಹೋಗುವ ನನ್ನ ಮಗಳು ಊಟದ ಟೇಬಲ್ಲಿನ ಮೇಲಿದ್ದ ಅದನ್ನು ಎತ್ತಿ ನೋಡಿದಳು. ಅವಳ ಕನ್ನಡ ಅರ್ಧಂಬರ್ಧ.

"ಮಮ್ಮಿ, ಈ ಜಾಗ ಯಾಕೆ ಖಾಲಿ?"

"ಫೋಟೋ ಬರ್ತದೆ."

"ಯಾವ ಫೋಟೋ? ಕ್ಲಿಕ್ ಆಗಿದೆ ಕ್ಯಾ?"

ಇಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ತಟ್ಟೆ ತೆಗೆದುಕೊಂಡು ಹೋದಳು. ಅಂದಿನಿಂದ ನನಗೆ ಆಕಾಶ ನೋಡುವ ಚಟ ಹತ್ತಿತು. ಬೆಳಿಗ್ಗೆ ಗೋರೆಗಾಂವ್ ಪ್ಲಾಟ್‌ಫಾರ್ಮಿನಲ್ಲಿ ನಿಂತು ಪಶ್ಚಿಮಕ್ಕೆ ನೋಡುತ್ತಿದ್ದೆ. ಫೋನಿನಲ್ಲಿ ಭರತದ ವೇಳಾಪಟ್ಟಿ ಇಳಿಸಿಕೊಂಡು, ಜೂನ್ ತಿಂಗಳ ದೊಡ್ಡ ಭರತದ ದಿನಗಳಿಗೆ ಗುರುತು ಹಾಕಿದೆ. ಲೆಕ್ಕ ಹಾಕಿ ನಾನು ಮಾಡುವುದಾದರೂ ಏನೆಂದು ತಿಳಿಯದೆ, ಮತ್ತೆ ಮತ್ತೆ ಅದನ್ನೇ ತೆರೆದು ನೋಡುತ್ತಿದ್ದೆ.

ಆರೋಪಪಟ್ಟಿಯ ಕೊನೆಗೆ ಒಂದು ಕೋಷ್ಟಕ ಬೇಕಿತ್ತು. ಸಭೆಯ ದಿನಾಂಕ, ಗಂಟೆ ಬಾರಿಸಿದ ಸಮಯ, ಹಾಜರಿದ್ದವರ ಸಂಖ್ಯೆ. ಹೊರಗಿನ ರಿಜಿಸ್ಟರಿನಲ್ಲಿ ಸಹಿ ಮಾಡಿದರೆ ಹಾಜರಿ ಲೆಕ್ಕಕ್ಕೆ ಬರುವುದಿಲ್ಲ, ಕುರ್ಚಿಯಲ್ಲಿ ಕೂತಿರಬೇಕು. ಆದ್ದರಿಂದ ಕಾರ್ಯದರ್ಶಿಯವರ ಎಣಿಕೆಯನ್ನೇ ತೆಗೆದುಕೊಂಡೆ. ಹನ್ನೆರಡು, ಹದಿಮೂರು, ಹನ್ನೊಂದು, ಹದಿನಾಲ್ಕು. ಪಕ್ಕದಲ್ಲಿ ಇನ್ನೊಂದು ಅಂಕಣ: ಗೈರುಹಾಜರಾದವರು. ಅದನ್ನು ಪಕ್ಷವಾರು ತುಂಬುತ್ತ ಬಂದಾಗ ನನ್ನ ಕೈ ನಿಂತಿತು. ರಿಜಿಸ್ಟರಿನಲ್ಲಿ ನಮ್ಮ ಹನ್ನೊಂದು ಜನರ ಸಹಿಯೂ ನಾಲ್ಕೂ ದಿನ ಇತ್ತು. ಅವರು ಊರಲ್ಲೇ ಇದ್ದರು, ಕಟ್ಟಡದಲ್ಲೇ ಇದ್ದರು. ಸಭಾಗೃಹದ ಎದುರಿಗಿರುವ ನಮ್ಮ ಕೋಣೆಯಲ್ಲಿ ಗಂಟೆ ಕೇಳುತ್ತ, ಚಹಾ ಕುಡಿಯುತ್ತ ಕೂತಿದ್ದರು. ಆ ಚಹಾ ಹೇಳಿ ಕಳಿಸುತ್ತಿದ್ದವಳು ನಾನೇ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅವರ ಮನೆ ಜಗಳ, ಅವರ ಬಹುಮತ, ನಾವು ಹೋಗಿ ಕೂತರೆ ಅವರನ್ನು ಉಳಿಸಿದಂತಾಗುತ್ತದೆ ಎಂಬ ಮಾತು ನನಗೂ ಸರಿ ಎನಿಸಿತ್ತು. ಆದರೆ ಕಾಗದದ ಮೇಲೆ ಹದಿನಾಲ್ಕರ ಪಕ್ಕದಲ್ಲಿ ಹನ್ನೊಂದು ಬರೆದ ಮೇಲೆ ಅದು ಬೇರೆಯಾಗಿ ಕಂಡಿತು.

ಕೋಷ್ಟಕವನ್ನು ಅಣ್ಣನ ಮುಂದಿಟ್ಟೆ. ಅವರು ಕನ್ನಡಕ ಹಾಕಿ ನೋಡಿದರು.

"ಈ ಕೊನೆಯ ಕಾಲಂ ತೆಗೆದುಬಿಡು."

"ಅಣ್ಣ, ಒಬ್ಬರು ಹೋಗಿ ಕೂತಿದ್ದರೂ ಮೊನ್ನೆ ಪಂಪ್ ಪಾಸಾಗ್ತಿತ್ತು."

"ಅಷ್ಟು ನನಗೂ ಗೊತ್ತುಂಟು ಮಾರಾಯ್ತಿ." ಸಿಟ್ಟಿನಿಂದಲ್ಲ, ದಣಿದ ದನಿಯಲ್ಲಿ ಹೇಳಿದರು. "ಮೇಲಿನಿಂದ ಆರ್ಡರ್ ಬಂದಿದೆ. ನಾನು ಒಳಗೆ ಹೋದರೆ ನಾಳೆ ನಾನೇ ಹೊರಗೆ. ಎಂತ ಮಾಡುವುದು ಹೇಳು?"

ಕಾಲಂ ತೆಗೆದೆ.

ಆ ವಸ್ತಿಯಿಂದ ಪ್ರತಿ ಸೋಮವಾರ ಒಬ್ಬ ಹೆಂಗಸು ಕಚೇರಿಗೆ ಬರುತ್ತಿದ್ದರು. ವಿಜಯಪುರ ಕಡೆಯವರು, ಐವತ್ತರ ಆಸುಪಾಸು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ಮೂರನೇ ಮಹಡಿಯಿಂದ ಬಿದ್ದು ಸೊಂಟದ ಕೆಳಗೆ ಜೀವವಿಲ್ಲದೆ ಮಂಚ ಹಿಡಿದಿದ್ದರು. ಹಿಂದಿನ ಮಳೆಗಾಲದಲ್ಲಿ ಪಂಪು ಕೆಟ್ಟಿದ್ದ ಒಂದು ದಿನ ನೀರು ಮನೆಯೊಳಗೆ ಮಂಚದ ಮಟ್ಟಕ್ಕೆ, ಹೊರಗೆ ಓಣಿಯಲ್ಲಿ ಎದೆಮಟ್ಟಕ್ಕೆ ಬಂದಿತ್ತು. ನಾಲ್ಕು ಜನ ಮಂಚ ಸಮೇತ ಅವರನ್ನು ಹೊತ್ತು ಶಾಲೆಯ ಮೇಲಂತಸ್ತಿಗೆ ಒಯ್ದಿದ್ದರು. ಹೊತ್ತವರಲ್ಲಿ ಈ ಹೆಂಗಸೂ ಒಬ್ಬರು. ಅವರು ಬರುತ್ತಿದ್ದುದು ಒಂದೇ ಪ್ರಶ್ನೆ ಕೇಳಲು, ಪಂಪು ಯಾವಾಗ ಎಂದು.

ಆ ಸೋಮವಾರವೂ ಬಂದರು. ಐದನೇ ಸಭೆಗೆ ಇನ್ನು ನಾಲ್ಕು ದಿನ ಇತ್ತು.

"ಅಕ್ಕಾರ, ಮೀಟಿಂಗ್ ಆತೇನ್ರಿ?"

"ಇಲ್ಲಮ್ಮ. ಕೋರಂ ಆಗಲಿಲ್ಲ."

"ಕೋರಂ ಅಂದ್ರ ಏನ್ರಿ?"

"ಹದಿನೈದು ಮಂದಿ ಒಳಗೆ ಕೂತಿರಬೇಕು. ಆಗಲೇ ಸಭೆ."

"ಎಷ್ಟ್ ಮಂದಿ ಕುಂತಿದ್ರ್ರಿ?"

"ಹದಿನಾಲ್ಕು."

ಅವರು ಬೆರಳು ಮಡಚಿ ಎಣಿಸಿದರು. "ಒಬ್ಬರ್ ಕಡಿಮಿ ಬಿದ್ರು." ಆಮೇಲೆ, ಯಾವ ಕುಟುಕೂ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು. "ಮತ್ತ ನಮ್ಮ ಸಾಹೇಬ್ರು ಎಲ್ಲಿದ್ರ್ರಿ ಆವತ್ತ?"

ಅವರ ವಾರ್ಡಿನ ಸದಸ್ಯರು ಅಣ್ಣನೇ. ಕೆಲಸದ ಮೇಲೆ ಹೊರಗೆ ಹೋಗಿದ್ದರು ಎನ್ನಬಹುದಿತ್ತು. ಅದು ಆಡಳಿತ ಪಕ್ಷದವರ ಜವಾಬ್ದಾರಿ ಎಂದು ಹೇಳಬಹುದಿತ್ತು, ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಈ ಮಾತು ಹೊರಗೆ ಹೋದರೆ ಯಾರು ಹೇಳಿದ್ದೆಂದು ಪತ್ತೆಯಾಗಲು ಒಂದು ದಿನವೂ ಬೇಡ. ಆದರೂ ಹೇಳಿದೆ.

"ಎದುರು ಕೋಣೆಯಲ್ಲಿದ್ದರು."

"ಒಬ್ರೇ ಏನ್ರಿ?"

"ಹನ್ನೊಂದು ಜನರೂ ಇದ್ದರು."

ಅವರು ನನ್ನ ಮುಖವನ್ನೇ ನೋಡಿದರು. ಬೈಯಬಹುದು ಎಂದುಕೊಂಡೆ. ಬೈಯಲಿಲ್ಲ. "ಆ ಖೋಲಿಯಿಂದ ಅಲ್ಲಿಗಿ ಎಷ್ಟ್ ಹೆಜ್ಜಿ ಆಗ್ತೈತ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಎದ್ದು ಹೋದರು.

ಆ ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಫೋನ್ ರಿಂಗಾದರೆ ಬೆಚ್ಚುತ್ತಿದ್ದೆ. ಕೇರಳಕ್ಕೆ ಮಳೆ ಬಂತು ಎಂಬ ಸುದ್ದಿ ಬಂತು, ಆಮೇಲೆ ಗೋವಾಕ್ಕೆ. ವಾರದೊಳಗೆ ಮುಂಬಯಿ ಎಂದರು. ನಾನು ಗುರುತು ಹಾಕಿದ ಮೊದಲ ದೊಡ್ಡ ಭರತಕ್ಕೆ ಎಂಟು ದಿನ ಉಳಿದಿತ್ತು.

ಸಭೆಯ ದಿನ ಎರಡೂವರೆಗೇ, ಆ ಹೆಂಗಸೂ ಸೇರಿ, ವಸ್ತಿಯ ಏಳು ಹೆಂಗಸರು ಬಂದು ಸಭಾಗೃಹಕ್ಕೂ ನಮ್ಮ ಕೋಣೆಗೂ ನಡುವಿನ ಕಾರಿಡಾರಿನಲ್ಲಿ, ಗೋಡೆಗೆ ಒರಗಿ ಸಾಲಾಗಿ ಕೂತರು. ಘೋಷಣೆ ಇಲ್ಲ, ಫಲಕ ಇಲ್ಲ. ವಾಚ್‌ಮನ್ ಏಳಿ ಎಂದರೆ, ಮೀಟಿಂಗ್ ನೋಡಾಕ ಬಂದೀವ್ರಿ ಎಂದರು. ಮೂರು ಗಂಟೆಗೆ ಮೊದಲ ಗಂಟೆ ಬಾರಿಸಿತು. ನಮ್ಮ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಓಡಿ ಗ್ಯಾಲರಿಗೆ ಹೋಗಿ ಎಣಿಸಿದೆ. ಹದಿಮೂರು. ಅಧ್ಯಕ್ಷರ ಕಡೆಯ ಒಬ್ಬರಿಗೆ ಜ್ವರವಂತೆ. ಹದಿಮೂರು ಎಂದರೆ ಇಬ್ಬರು ಕಡಿಮೆ.

ವಾಪಸು ಬಂದಾಗ ಆ ಹೆಂಗಸು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಣ್ಣ ಮೇಜಿನ ಹಿಂದೆ ಕೂತಿದ್ದರು. ಉಳಿದ ಹತ್ತು ಮಂದಿಯ ಕೈಯಲ್ಲಿ ಚಹಾದ ಗ್ಲಾಸು.

"ಸಾಹೇಬ್ರ, ನಾವು ಎಣಿಸಿ ನೋಡೀವ್ರಿ," ಅವರು ಹೇಳುತ್ತಿದ್ದರು. "ಇಲ್ಲಿಂದ ಅಲ್ಲಿಗಿ ಹದಿನೆಂಟು ಹೆಜ್ಜಿ ಆಗ್ತೈತ್ರಿ. ನಮ್ಮ ಮನಿಯವ್ರನ್ನ ಮಂಚದ ಮ್ಯಾಲ ಸಾಲಿಗೆ ಹೊತ್ಕೊಂಡ್ ಹೋಗಾಕ ಎಷ್ಟ್ ಆಗ್ತೈತಿ, ಅದನ್ನ ಎಣಿಸಿಲ್ರಿ. ಎದಿಮಟ ನೀರಾಗ ಎಣಿಸಾಕ ಆಗಂಗಿಲ್ಲ."

ಎರಡನೇ ಗಂಟೆ ಬಾರಿಸಿತು. ಅಣ್ಣನ ಫೋನ್ ಮೇಜಿನ ಮೇಲೆ ನಡುಗಿತು. ಪರದೆಯ ಮೇಲೆ ಜಿಲ್ಲಾ ಮುಖ್ಯಸ್ಥರ ಹೆಸರು. ಯಾರೋ ಸುದ್ದಿ ಮುಟ್ಟಿಸಿದ್ದರು. ಅಣ್ಣ ಫೋನನ್ನು ನೋಡಿದರು, ಎತ್ತಲಿಲ್ಲ. ಅದು ನಿಂತಿತು, ಮತ್ತೆ ಶುರುವಾಯಿತು. ಅವರು ಎದ್ದರು. ಹತ್ತು ಜನರ ಕಡೆ ತಿರುಗಿ, "ನಾನು ಯಾರಿಗೂ ಬನ್ನಿ ಅಂತ ಹೇಳುವುದಿಲ್ಲ," ಎಂದಷ್ಟೇ ಹೇಳಿ ಹೊರಗೆ ಹೋದರು.

ಅವರು ಸಭಾಗೃಹದೊಳಗೆ ಕಾಲಿಟ್ಟಾಗ ಅಧ್ಯಕ್ಷರು ಅರ್ಧ ಎದ್ದು ನಿಂತರು. ನಾನು ಗ್ಯಾಲರಿಯಲ್ಲಿ ಕಂಬಿ ಹಿಡಿದುಕೊಂಡಿದ್ದೆ. ಹದಿನಾಲ್ಕು. ಮೂರು ಇಪ್ಪತ್ತು ಆಯಿತು. ಅಣ್ಣ ತಮ್ಮ ಕುರ್ಚಿಯಲ್ಲಿ ಒಬ್ಬರೇ, ಸುತ್ತಲಿನ ಹತ್ತು ಖಾಲಿ ಕುರ್ಚಿಗಳ ನಡುವೆ, ವಿಷಯಪಟ್ಟಿಯ ಮೇಲೆ ಕಣ್ಣು ನೆಟ್ಟು ಕೂತಿದ್ದರು. ಕಾರ್ಯದರ್ಶಿ ಗಡಿಯಾರ ನೋಡಿದರು. ಮೂರು ಇಪ್ಪತ್ತಾರು. ಮೂರನೇ ಗಂಟೆ ಬಾರಿಸಿತು. ಆಗ ನಮ್ಮವರಲ್ಲೇ ಎಲ್ಲರಿಗಿಂತ ಹಿರಿಯ ಸದಸ್ಯರು, ಮಂಡಿನೋವಿನ ಮುದುಕ, ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ಕಾಣಿಸಿಕೊಂಡರು. ಅವರು ನಡೆದು ಬಂದು ಕುರ್ಚಿಯಲ್ಲಿ ಕೂತರು. ಹದಿನೈದು. ಅವರ ಹಿಂದೆ ಇನ್ನೂ ಇಬ್ಬರು ಬಂದರು. ಕಾರ್ಯದರ್ಶಿ ಬೆರಳು ತೋರಿಸಿ ಎಣಿಸಿ, "ಕೋರಂ ಪೂರ್ಣ," ಎಂದರು.

ಆಮೇಲೆ ನಡೆದದ್ದನ್ನು ನಾನು ಊಹಿಸಿರಲಿಲ್ಲ. ಕೋರಂ ಆಯಿತೆಂಬ ಸುದ್ದಿ ಕೆಳಗಿನ ಕ್ಯಾಂಟೀನಿಗೆ ಮುಟ್ಟಿದ್ದೇ ತಡ, ಇಷ್ಟು ತಿಂಗಳು ಬಹಿಷ್ಕಾರ ಹಾಕಿದ್ದವರು ಮೆಟ್ಟಿಲು ಹತ್ತಿ ಬಂದರು. ತಾವಿಲ್ಲದೆ ಪಂಪು ಮಂಜೂರಾದರೆ ವಾರ್ಡಿನಲ್ಲಿ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆ. ಏಳನೇ ವಿಷಯ ಬಂದಾಗ ಮೂರೂ ಕಡೆಯವರು ಕೈ ಎತ್ತಿದರು. ಒಂದೇ ಒಂದು ವಿರೋಧ ಇಲ್ಲ. ನಾಲ್ಕು ಸಭೆಗಳಿಂದ ನಿಂತಿದ್ದ ಪ್ರಸ್ತಾವ ಪಾಸಾಗಲು ಎರಡು ನಿಮಿಷ ಸಾಕಾಯಿತು. ನನಗೆ ಸಂತೋಷ ಆಗಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಜನ ಇಷ್ಟು ದಿನ ಕಾಯಿಸಿದ್ದರು, ನಾವೂ ಸೇರಿ.

ಮಳೆ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂತು. ಆರು ಪಂಪುಗಳಲ್ಲಿ ನಾಲ್ಕು ಮಾತ್ರ ತಲುಪಿದ್ದವು. ಮಧ್ಯಾಹ್ನದ ಭರತಕ್ಕೆ ವಸ್ತಿಯ ಓಣಿಗಳಲ್ಲಿ ಮೊಣಕಾಲುದ್ದ ನೀರು ನಿಂತಿತು. ನಾನು ಸೀರೆ ಎತ್ತಿ ಕಟ್ಟಿಕೊಂಡು ಅಣ್ಣನ ಹಿಂದೆ ನಡೆದೆ. ಆ ಹೆಂಗಸಿನ ಮನೆಯಲ್ಲಿ ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದರು. ನೀರು ಇಟ್ಟಿಗೆ ದಾಟಿ ಮಂಚದ ಕಾಲಿಗೆ ಏರಿತ್ತು. ಗಂಡ ಮಂಚದ ಮೇಲಿಂದ ನೀರನ್ನೇ ನೋಡುತ್ತಿದ್ದರು. ಹೊರಗೆ ಪಂಪು ಒಂದೇ ಸಮನೆ ಗುರುಗುಟ್ಟುತ್ತಿತ್ತು. ನಾವು ಅಲ್ಲೇ ನಿಂತೆವು. ಒಂದು ಗಂಟೆಯ ಮೇಲೆ ಮೇಲಿನ ಇಟ್ಟಿಗೆಯ ಅಂಚು ಕಂಡಿತು. ಸಂಜೆ ಐದರ ಹೊತ್ತಿಗೆ ನೆಲ ಕಂಡಿತು. ಅವರನ್ನು ಹೊರುವ ಪ್ರಸಂಗ ಬರಲಿಲ್ಲ. ಇನ್ನೊಂದು ತುದಿಯಲ್ಲಿ, ಪಂಪು ತಲುಪದ ಕಡೆ, ಹತ್ತಾರು ಮನೆಗಳ ಅಕ್ಕಿ, ಹಾಸಿಗೆ ಹಾಳಾಗಿದ್ದವು. ಮಾರ್ಚಿನಲ್ಲಿ ಮಂಜೂರಾಗಿದ್ದರೆ ಅದೂ ಆಗುತ್ತಿರಲಿಲ್ಲ.

ಸ್ಟೇಷನ್ನಿಗೆ ವಾಪಸು ಬರುವಾಗ ಅಣ್ಣ ಕೇಳಿದರು. "ನಾವು ಎದುರು ಕೋಣೆಯಲ್ಲಿದ್ದೆವು ಅಂತ ಆ ಹೆಂಗಸಿಗೆ ಹೇಳಿದ್ದು ಯಾರು?"

"ನಾನು," ಎಂದೆ.

ಅವರು ಒದ್ದೆ ಚಪ್ಪಲಿ ಎಳೆದುಕೊಂಡು ಸುಮಾರು ದೂರ ನಡೆದರು. ನಾಳೆಯಿಂದ ಬರಬೇಡ ಎನ್ನುತ್ತಾರೆಂದು ನಾನು ಸಿದ್ಧವಾಗಿದ್ದೆ.

"ಆ ಕಾಲಂ ಇನ್ನೂ ಉಂಟಾ ನಿನ್ನ ಹತ್ತಿರ?"

"ಉಂಟು ಅಣ್ಣ."

"ಹಾಕು. ಖಾಲಿ ಬಿಟ್ಟ ಜಾಗದಲ್ಲೇ ಹಾಕು."

ಜುಲೈ ಸಭೆಯಲ್ಲಿ ಅಣ್ಣ ಆರೋಪಪಟ್ಟಿಯನ್ನು ಓದಲು ನಿಂತರು. ಒಂದು ಶಬ್ದವನ್ನೂ ಮೆದುಗೊಳಿಸಿರಲಿಲ್ಲ. ಬಹುಮತ ಪಡೆದವರು ಒಂದು ಸಮಿತಿಯ ಕುರ್ಚಿಗಾಗಿ ಇಡೀ ಊರನ್ನು ಅಡವಿಟ್ಟರು ಎಂದರು. ಲಿಫ್ಟು ಕೆಟ್ಟ ಆಸ್ಪತ್ರೆಯಲ್ಲಿ ತುಂಬು ಬಸುರಿಯರು ಮೆಟ್ಟಿಲು ಹತ್ತಿದ್ದನ್ನು ಹೇಳಿದರು. ಎರಡೂ ಬಣದವರು ಮೇಜು ಕುಟ್ಟಿ ಗಲಾಟೆ ಮಾಡಿದರು. ಆ ಗಲಾಟೆಯ ನಡುವೆ ಒಬ್ಬ ಸದಸ್ಯರು ಎದ್ದು ಮರಾಠಿಯಲ್ಲಿ ಕೇಳಿದರು, ನಾಲ್ಕು ಸಭೆಗಳ ಹೊತ್ತಿಗೆ ತಾವೆಲ್ಲಿದ್ದಿರಿ ಎಂದು. ಆ ಕಡೆ ನಗು ಎದ್ದಿತು.

ಅಣ್ಣ ಕಾಗದ ಕೆಳಗಿಟ್ಟರು. "ಎದುರು ಕೋಣೆಯಲ್ಲಿ," ಎಂದರು. "ಹನ್ನೊಂದು ಜನ ಚಹಾ ಕುಡಿಯುತ್ತಿದ್ದೆವು. ನಾಲ್ಕನೇ ಪುಟ ನೋಡಿ, ಬರೆದಿದೆ."

ನಗು ನಿಂತಿತು. ಪುಟ ತಿರುಗಿಸುವ ಸದ್ದು ಮಾತ್ರ ಗ್ಯಾಲರಿಯವರೆಗೆ ಕೇಳಿಸಿತು. ಅವರು ಮತ್ತೆ ಕಾಗದ ಎತ್ತಿಕೊಂಡು ಕೊನೆಯವರೆಗೆ ಓದಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ವಾರದೊಳಗೆ ಪಕ್ಷದಿಂದ ಅವರಿಗೆ ಶಿಸ್ತು ಕ್ರಮದ ನೋಟಿಸು ಬಂತು. ಆದೇಶ ಮೀರಿ ಸಭೆಗೆ ಹಾಜರಾದದ್ದೇಕೆ ಎಂದು ಲಿಖಿತ ವಿವರಣೆ ಕೇಳಿದ್ದರು. ನಾನು ನಿಯಮಗಳನ್ನು ಉಲ್ಲೇಖಿಸಿ, ಮಳೆಯ ಸಂದರ್ಭ ವಿವರಿಸಿ, ಎರಡು ಪುಟದ ಉತ್ತರ ತಯಾರಿಸಿದೆ. ಅಣ್ಣ ಅದನ್ನು ಪೂರ್ತಿ ಓದಿ, ಇಷ್ಟೆಲ್ಲ ಬೇಡ ಎಂದು ಪಕ್ಕಕ್ಕಿಟ್ಟರು. ಆಮೇಲೆ ಅವರು ಹೇಳಿದ್ದನ್ನು ನಾನು ಟೈಪ್ ಮಾಡಿದೆ. ಒಂದೇ ಸಾಲು: "ನಾನು ಆ ಸಭೆಯ ಸದಸ್ಯ, ಸಭೆ ಕರೆದಿದ್ದರು, ಹೋದೆ."